ನಾನು ಓದದೇ ಬಿಟ್ಟ ಜಾಹೀರಾತು: ಮೆಥಿಲೀನ್ ಬ್ಲೂ ಎಂಬ ನೀಲಿ ದಲ್ಲಾಳಿ

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ. ಓದಲು ಅನುಕೂಲವಾಗುವಂತೆ ಅಲ್ಲಲ್ಲಿ ತಿದ್ದಲಾಗಿದೆ.)

ಬಸ್ಸಲ್ಲಿ ಕಿಟಕಿ ಪಕ್ಕ ಸೀಟು ಸಿಕ್ಕಿರೋ ಪುಣ್ಯವಂತರಿಗೆ, ಮೆಟ್ರೋದಲ್ಲಿ ನಿಂತ್ಕೊಂಡು ಹೋಗ್ತಿರೋರಿಗೆ, ಪಾತ್ರೆ ತೊಳೀತಾ ಫೋನನ್ನ ಅಡುಗೆ ಕಟ್ಟೆ ಮೇಲೆ ಒರಗಿಸಿಟ್ಟಿರೋರಿಗೆ, ಎಲ್ಲರಿಗೂ ಸ್ವಾಗತ.

ಇವತ್ತಿನ ಸಂಚಿಕೆ ಒಂದು ಜಾಹೀರಾತಿನಿಂದ ಶುರುವಾಗಬೇಕಿತ್ತು. ಆಗ್ತಾ ಇಲ್ಲ. ಯಾಕೆ ಆಗ್ತಾ ಇಲ್ಲ ಅನ್ನೋದೇ ಇವತ್ತಿನ ವಿಷಯ.

ಸುಮಾರು ಎರಡು ತಿಂಗಳ ಹಿಂದೆ ನನಗೊಂದು ಮೇಲ್ ಬಂತು. ಹೆಸರು ಹೇಳಲ್ಲ, ಒಂದು ಹೊಸ ವೆಲ್‌ನೆಸ್ ಕಂಪನಿ. ಮೂರು ಸಂಚಿಕೆಗಳಲ್ಲಿ ತಲಾ ಒಂದು ನಿಮಿಷ ಅವರ ಪ್ರಾಡಕ್ಟ್ ಬಗ್ಗೆ ಮಾತಾಡಬೇಕು, 40,000 ರೂಪಾಯಿ ಕೊಡ್ತೀವಿ ಅಂದ್ರು. ನಿಮಗೆ ಗೊತ್ತಿರೋ ಹಾಗೆ ಈ ಪಾಡ್‌ಕಾಸ್ಟ್ ನಡೀತಿರೋದು ನನ್ನ ಬೆಡ್‌ರೂಮಿನಲ್ಲಿ. ಸೌಂಡ್‌ಪ್ರೂಫಿಂಗ್ ಅಂದ್ರೆ ಅಮ್ಮ ಕೊಟ್ಟ ಎರಡು ಹಳೇ ರಜಾಯಿ. ನಾನು ಬಿ.ಕಾಂ. ಓದಿದವನು, ಲೆಕ್ಕ ಹಾಕೋದು ತಕ್ಷಣ ಶುರುವಾಗುತ್ತೆ. 40,000 ಅಂದ್ರೆ ಹೊಸ ಮೈಕು, ಎಡಿಟ್ ಮಾಡೋ ಹುಡುಗನಿಗೆ ಬಾಕಿ ಇರೋ ದುಡ್ಡು, ಜೊತೆಗೆ ಒಂದು ತಿಂಗಳ ಬಾಡಿಗೆ. ಸ್ಯಾಂಪಲ್ ಕಳಿಸಿ, ನೋಡಿ ಹೇಳ್ತೀನಿ ಅಂದೆ.

ನಾಲ್ಕು ದಿನದಲ್ಲಿ ಪಾರ್ಸೆಲ್ ಬಂತು. ಕಿವಿಗೆ ಹಾಕೋ ಔಷಧಿ ಥರದ ಸಣ್ಣ ಡ್ರಾಪರ್ ಬಾಟಲಿ. ಒಳಗೆ ಕಡುನೀಲಿ ದ್ರವ. ನಾಲ್ಕು ಹನಿ ನೀರಿಗೆ ಹಾಕಿ ಕುಡೀರಿ, ಮೆದುಳು ಚುರುಕಾಗುತ್ತೆ, ಆಯಾಸ ಹೋಗುತ್ತೆ, 'ಬ್ರೇನ್ ಫಾಗ್' ಮಾಯ ಅಂತ ಲೇಬಲ್ ಮೇಲಿತ್ತು. ಹೆಸರು ಮೆಥಿಲೀನ್ ಬ್ಲೂ. ರೀಲ್ಸ್ ನೋಡೋರಾದ್ರೆ ನಾಲಿಗೆ ನೀಲಿ ಮಾಡ್ಕೊಂಡು ಕ್ಯಾಮೆರಾಗೆ ತೋರಿಸೋರನ್ನ ನೀವೂ ನೋಡಿರ್ತೀರಿ. ಅದೇ ಇದು.

ನನ್ನ ರೂಮ್‌ಮೇಟ್ ಆ ಬಾಟಲಿ ಎತ್ಕೊಂಡು ಬೆಳಕಿಗೆ ಹಿಡಿದು ನೋಡಿದ. "ಮಗಾ, ನನ್ನ ತಲೆ ಈಗೀಗ ಮಂಜು ಮಂಜು ಆಗಿರುತ್ತೆ. ನಾನು ಟ್ರೈ ಮಾಡ್ಲಾ?" ಅಂದ. "ಮಾಡು, ಫ್ರೀ ಬಂದಿದೆಯಲ್ಲಾ" ಅಂದೆ ನಾನು.

ಆ ಮಾತು ನೆನಪಿಟ್ಕೊಳ್ಳಿ. ಕೊನೆಗೆ ಮತ್ತೆ ಅಲ್ಲಿಗೇ ಬರ್ತೀನಿ.

ಚಿಕ್ಕಪ್ಪನ ನೀಲಿ ಹಾಲು

ಆ ನೀಲಿ ಬಣ್ಣವನ್ನ ನಾನು ಮೊದಲು ನೋಡಿದ್ದು ಎಂಟನೇ ಕ್ಲಾಸಿನಲ್ಲಿ. ನಮ್ಮ ಚಿಕ್ಕಪ್ಪ ಮಂಡ್ಯ ಕಡೆ ಒಂದು ಡೈರಿಯ ಲ್ಯಾಬಲ್ಲಿ ಕೆಲಸಕ್ಕಿದ್ರು. ಒಂದು ಬೇಸಿಗೆ ರಜೆಯಲ್ಲಿ ಬೆಳಿಗ್ಗೆ ಬೆಳಿಗ್ಗೇನೇ ನನ್ನನ್ನೂ ಸ್ಕೂಟರ್ ಹಿಂದೆ ಕೂರಿಸ್ಕೊಂಡು ಹೋದ್ರು. ಬೇರೆ ಬೇರೆ ಕಡೆಯಿಂದ ಬಂದ ಹಾಲಿನ ಸ್ಯಾಂಪಲ್‌ಗಳು ಸಾಲಾಗಿದ್ವು. ಒಂದೊಂದು ಟೆಸ್ಟ್ ಟ್ಯೂಬಿಗೆ 10 ಮಿಲಿಲೀಟರ್ ಹಾಲು, ಅದಕ್ಕೆ 1 ಮಿಲಿಲೀಟರ್ ನೀಲಿ ದ್ರಾವಣ. ಬಿರಡೆ ಹಾಕಿ, ನಿಧಾನಕ್ಕೆ ಒಂದ್ಸಲ ತಲೆಕೆಳಗೆ ಮಾಡಿ, 37 ಡಿಗ್ರಿ ಸೆಲ್ಸಿಯಸ್ ಬಿಸಿ ಇರೋ ನೀರಿನ ತೊಟ್ಟಿಯಲ್ಲಿ ನಿಲ್ಲಿಸ್ತಿದ್ರು. ಹಾಲೆಲ್ಲಾ ತಿಳಿನೀಲಿ. ನನಗೋ ಹೋಳಿ ಹಬ್ಬದ ಥರ ಕಂಡಿತ್ತು.

ಸ್ವಲ್ಪ ಹೊತ್ತು ಕಳೀತು. ಒಂದು ಟ್ಯೂಬ್ ಮತ್ತೆ ಬೆಳ್ಳಗಾಯ್ತು. ಆಮೇಲೆ ಇನ್ನೊಂದು. ಕೆಲವು ಮಾತ್ರ ಮಧ್ಯಾಹ್ನ ಊಟ ಮುಗಿದ್ರೂ ನೀಲಿಯಾಗೇ ನಿಂತಿದ್ವು. "ಬಣ್ಣ ಎಲ್ಲಿಗೆ ಹೋಯ್ತು ಚಿಕ್ಕಪ್ಪ?" ಅಂತ ಕೇಳಿದೆ. "ಬ್ಯಾಕ್ಟೀರಿಯಾ ನುಂಗ್ತು ಕಣೋ. ಬೇಗ ಬೆಳ್ಳಗಾದ್ರೆ ಹಾಲು ಕೆಟ್ಟಿದೆ ಅಂತ. ಹೊತ್ತು ತಗೊಂಡ್ರೆ ಒಳ್ಳೇ ಹಾಲು" ಅಂದ್ರು.

ಇದಕ್ಕೆ ಎಂ.ಬಿ.ಆರ್.ಟಿ. ಪರೀಕ್ಷೆ ಅಂತಾರೆ. ಹಸಿ ಹಾಲಿನ ನೀಲಿ ಹೋಗೋಕೆ 5 ಗಂಟೆ ಅಥವಾ ಅದಕ್ಕಿಂತ ಜಾಸ್ತಿ ಹಿಡಿದ್ರೆ ತುಂಬಾ ಒಳ್ಳೇದು. 3ರಿಂದ 4 ಗಂಟೆ ಆದ್ರೆ ಒಳ್ಳೇದು. 1ರಿಂದ 2 ಗಂಟೆ ಆದ್ರೆ ಪರವಾಗಿಲ್ಲ. ಅರ್ಧ ಗಂಟೆಯೊಳಗೇ ಬೆಳ್ಳಗಾದ್ರೆ ಕಳಪೆ. ದೊಡ್ಡ ಮೆಷಿನ್ ಬೇಡ, ಕಂಪ್ಯೂಟರ್ ಬೇಡ. ಒಂದು ಬಣ್ಣ, ಒಂದು ಗಡಿಯಾರ, ಅಷ್ಟೇ. ನೀವು ನಾನು ಕುಡಿಯೋ ಹಾಲಿನ ಹಿಂದೆ ಎಷ್ಟೋ ಡೈರಿಗಳಲ್ಲಿ ಈ ನೀಲಿ ದ್ರವ ಕಾವಲು ಕಾದಿದೆ.

ಆದ್ರೆ ಚಿಕ್ಕಪ್ಪ ಹೇಳಿದ 'ನುಂಗ್ತು' ಅನ್ನೋದು ಮಗುಗೆ ಹೇಳಿದ ಉತ್ತರ. ಬಣ್ಣವನ್ನ ಯಾರೂ ನುಂಗಿರಲಿಲ್ಲ, ಅದು ಆ ಟ್ಯೂಬಿನಲ್ಲೇ ಇತ್ತು. ಟ್ಯೂಬನ್ನ ಜೋರಾಗಿ ಅಲ್ಲಾಡಿಸಿದ್ರೆ ನೀಲಿ ವಾಪಸ್ ಬರುತ್ತೆ! ಬೆಳ್ಳಗಾದ ಹಾಲಿನ ಮೇಲ್ಭಾಗದಲ್ಲಿ, ಗಾಳಿ ತಾಗೋ ಕಡೆ, ಒಂದು ತೆಳು ನೀಲಿ ಪಟ್ಟಿ ಉಳಿದಿರ್ತಿತ್ತು. ಅದರ ಅರ್ಥ ನನಗೆ ಆಗಿದ್ದು ಈಗ, ಈ ಬಾಟಲಿ ಬಂದ ಮೇಲೆ.

ಡೆಬಿಟ್ ಇಲ್ಲದೆ ಕ್ರೆಡಿಟ್ ಇಲ್ಲ

ಸೈನ್ಸ್ ಓದಿದವರು ಸ್ವಲ್ಪ ತಾಳ್ಮೆ ತಗೊಳ್ಳಿ. ಕಾಮರ್ಸ್ ಹುಡುಗರೇ, ಇದು ನಮ್ಮ ಏರಿಯಾ.

ಹತ್ತನೇ ಕ್ಲಾಸಲ್ಲಿ ಉತ್ಕರ್ಷಣ, ಅಪಕರ್ಷಣ ಅಂತ ಓದಿರ್ತೀವಿ. ಬಾಯಿಪಾಠ ಮಾಡಿ, ಪರೀಕ್ಷೆ ಬರೆದು, ಮರೆತಿರ್ತೀವಿ. ಎರಡನ್ನೂ ಸೇರಿಸಿ ರೆಡಾಕ್ಸ್ ಅಂತಾರೆ. ಅದರಲ್ಲಿ ಇರೋದು ಇಷ್ಟೇ: ಒಬ್ಬರು ಎಲೆಕ್ಟ್ರಾನ್ ಕೊಡ್ತಾರೆ, ಇನ್ನೊಬ್ಬರು ತಗೋತಾರೆ. ಕೊಟ್ಟವರದ್ದು ಉತ್ಕರ್ಷಣ, ತಗೊಂಡವರದ್ದು ಅಪಕರ್ಷಣ. ಒಂದು ಕಡೆ ಬರೆದ್ರೆ ಇನ್ನೊಂದು ಕಡೆ ಬರೀಲೇಬೇಕು. ನಾವು ಬಿ.ಕಾಂ. ಮೊದಲ ವರ್ಷ ಕಲಿತ ಡಬಲ್ ಎಂಟ್ರಿ ಇದೇ. ಪ್ರಕೃತಿಯ ಲೆಕ್ಕದ ಪುಸ್ತಕ ಯಾವಾಗ್ಲೂ ಟ್ಯಾಲಿ ಆಗಿರುತ್ತೆ. ಆಡಿಟರ್ ಬೇಕಿಲ್ಲ.

ಈ ಲೆಕ್ಕದಲ್ಲಿ ಮೆಥಿಲೀನ್ ಬ್ಲೂ ಯಾರು? ದಲ್ಲಾಳಿ. ಮಂಡ್ಯದ ಬೆಲ್ಲದ ಮಂಡಿ ನೋಡಿದೋರಿಗೆ ಗೊತ್ತು. ದಲ್ಲಾಳಿ ಕಬ್ಬು ಬೆಳೆಯಲ್ಲ, ಬೆಲ್ಲ ತಿನ್ನೋನೂ ಅವನಲ್ಲ. ಈ ಕಡೆಯಿಂದ ತಗೊಂಡು ಆ ಕಡೆ ಕೊಡ್ತಾನೆ. ಮೆಥಿಲೀನ್ ಬ್ಲೂನ ಒಂದು ಅಣು ಎರಡು ಎಲೆಕ್ಟ್ರಾನ್ ಹಿಡ್ಕೊಳ್ಳುತ್ತೆ. ಕೈ ಖಾಲಿ ಇದ್ದಾಗ ನೀಲಿ, ಕೈ ತುಂಬಿದಾಗ ಬಣ್ಣವೇ ಇಲ್ಲ. ಬಣ್ಣವಿಲ್ಲದ ಆ ರೂಪಕ್ಕೆ ಲ್ಯೂಕೋಮೆಥಿಲೀನ್ ಬ್ಲೂ ಅಂತ ಹೆಸರು. ಹಾಲಲ್ಲಿ ಬ್ಯಾಕ್ಟೀರಿಯಾಗಳು ಮೊದಲು ಅಲ್ಲಿರೋ ಆಮ್ಲಜನಕ ಖಾಲಿ ಮಾಡ್ತಾವೆ. ಆಮೇಲೆ ಅವು ಬಿಡೋ ಎಲೆಕ್ಟ್ರಾನ್‌ಗಳು ಈ ದಲ್ಲಾಳಿ ಕೈಗೆ ಬರ್ತಾವೆ, ಹಾಲು ಬೆಳ್ಳಗಾಗುತ್ತೆ. ಗಾಳಿ ತಾಗಿದ ಕೂಡಲೇ ದಲ್ಲಾಳಿ ಆ ಎಲೆಕ್ಟ್ರಾನ್‌ಗಳನ್ನ ಆಮ್ಲಜನಕಕ್ಕೆ ದಾಟಿಸಿ ಮತ್ತೆ ನೀಲಿಯಾಗುತ್ತೆ. ಮೇಲಿನ ನೀಲಿ ಪಟ್ಟಿಯ ಗುಟ್ಟು ಅದು.

ಕೊಡೋದು ತಗೊಳ್ಳೋದು ಎರಡೂ ಇದಕ್ಕೆ ಹೇಗೆ ಬರುತ್ತೆ? ಎಲೆಕ್ಟ್ರಾನ್ ವ್ಯಾಪಾರಕ್ಕೂ ಒಂದು ಅಳತೆಪಟ್ಟಿ ಇದೆ. ಎತ್ತರದ ಟ್ಯಾಂಕಿನಿಂದ ನೀರು ಕೆಳಗೆ ಹರಿಯೋ ಥರ, ಎಲೆಕ್ಟ್ರಾನ್ ಮೈನಸ್ ಕಡೆಯಿಂದ ಪ್ಲಸ್ ಕಡೆಗೆ ಹರಿಯುತ್ತೆ. ನಮ್ಮ ಜೀವಕೋಶದಲ್ಲಿ ಊಟದಿಂದ ಬಂದ ಎಲೆಕ್ಟ್ರಾನ್ ಹೊತ್ತು ತರೋ ಎನ್.ಎ.ಡಿ.ಎಚ್. ಅನ್ನೋ ಅಣು ಸುಮಾರು ಮೈನಸ್ 320 ಮಿಲಿವೋಲ್ಟ್‌ನಲ್ಲಿದೆ. ಕೊನೆಗೆ ಅದನ್ನ ತಗೊಳ್ಳೋ ಆಮ್ಲಜನಕ ಸುಮಾರು ಪ್ಲಸ್ 820ರಲ್ಲಿದೆ. ಮೆಥಿಲೀನ್ ಬ್ಲೂ ಪ್ಲಸ್ 11ರಲ್ಲಿ, ಎರಡರ ನಡುವೆ. ಮೇಲಿನವರಿಂದ ಇಸ್ಕೊಳ್ಳೋಕೂ ಸೈ, ಕೆಳಗಿನವರಿಗೆ ದಾಟಿಸೋಕೂ ಸೈ.

ಬಟ್ಟೆಯಿಂದ ಪ್ರಯೋಗಾಲಯಕ್ಕೆ

ಇದು ಹುಟ್ಟಿದ್ದು ಔಷಧಿಯಾಗಿ ಅಲ್ಲ, ಬಟ್ಟೆಗೆ ಹಾಕೋ ಬಣ್ಣವಾಗಿ. 1876ರಲ್ಲಿ ಜರ್ಮನಿಯ ಬಿ.ಎ.ಎಸ್.ಎಫ್. ಕಂಪನಿಯಲ್ಲಿ ಹೈನ್ರಿಚ್ ಕಾರೋ ಅನ್ನೋ ರಸಾಯನಶಾಸ್ತ್ರಜ್ಞ ಇದನ್ನ ತಯಾರಿಸಿದ್ರು. ಆದ್ರೆ ಬಟ್ಟೆಗಿಂತ ಸೂಕ್ಷ್ಮದರ್ಶಕದ ಕೆಳಗೇ ಇದರ ಹೆಸರು ಜಾಸ್ತಿ ಆಯ್ತು. 1882ರಲ್ಲಿ ರಾಬರ್ಟ್ ಕಾಖ್ ಕ್ಷಯದ ಬ್ಯಾಕ್ಟೀರಿಯಾ ಕಂಡುಹಿಡಿದಾಗ ಬಳಸಿದ್ದು ಈ ಬಣ್ಣ. ಇವತ್ತಿಗೂ ಟಿ.ಬಿ. ಕಫ ಪರೀಕ್ಷೆಯ ಒಂದು ಹಳೇ ವಿಧಾನದಲ್ಲಿ ಕೆಂಪು ಬ್ಯಾಕ್ಟೀರಿಯಾ ಎದ್ದು ಕಾಣೋಕೆ ಹಿನ್ನೆಲೆಯ ನೀಲಿ ಬರೋದು ಇದರಿಂದಲೇ. ಪಾಲ್ ಎರ್ಲಿಚ್ ಇದರಿಂದ ಜೀವಂತ ನರಗಳಿಗೆ ಬಣ್ಣ ಹತ್ತಿಸಿ ನೋಡಿದ್ರು. ಮಲೇರಿಯಾ ಪರಾವಲಂಬಿಗೂ ಈ ಬಣ್ಣ ಹತ್ತುತ್ತೆ ಅಂತ ಆಗ ಗೊತ್ತಿತ್ತು. ಬಣ್ಣ ಹೋಗಿ ಅಂಟ್ಕೊಳ್ಳೋದಾದ್ರೆ ಕೊಲ್ಲಲೂಬಹುದಲ್ವಾ ಅಂತ ಯೋಚಿಸಿ 1891ರಲ್ಲಿ ಬರ್ಲಿನ್‌ನಲ್ಲಿ ಇಬ್ಬರು ಮಲೇರಿಯಾ ರೋಗಿಗಳಿಗೆ ಕೊಟ್ರು. ಇಬ್ಬರೂ ಚೇತರಿಸ್ಕೊಂಡ್ರು. ಪೂರ್ತಿ ಕಾರ್ಖಾನೆಯಲ್ಲಿ ಹುಟ್ಟಿದ ವಸ್ತುವೊಂದು ಔಷಧಿಯಾದ ಮೊದಲ ಉದಾಹರಣೆಗಳಲ್ಲಿ ಇದೂ ಒಂದು.

ನನಗೆ ಇನ್ನೂ ಇಷ್ಟವಾದ ಕಥೆ ಇರೋದು ಜೀವರಸಾಯನ ವಿಜ್ಞಾನದಲ್ಲಿ. 20ನೇ ಶತಮಾನದ ಶುರುವಿನಲ್ಲಿ ಒಂದು ದೊಡ್ಡ ಪ್ರಶ್ನೆ ಇತ್ತು: ನಾವು ಉಸಿರಾಡಿದಾಗ ಜೀವಕೋಶದ ಒಳಗೆ ಏನಾಗುತ್ತೆ? ಜರ್ಮನಿಯ ಹೈನ್ರಿಚ್ ವೀಲಾಂಡ್ ಹೇಳಿದ್ರು, ಮುಖ್ಯ ಕೆಲಸ ಆಹಾರದಿಂದ ಹೈಡ್ರೋಜನ್ ಕಿತ್ತುಕೊಳ್ಳೋದು, ತಗೊಳ್ಳೋಕೆ ಯಾರಾದ್ರೂ ಇದ್ರೆ ಸಾಕು, ಆಮ್ಲಜನಕವೇ ಆಗಬೇಕಿಲ್ಲ. ಆಮ್ಲಜನಕದ ಜಾಗದಲ್ಲಿ ಅವರು ಇಟ್ಟು ತೋರಿಸಿದ ವಸ್ತುಗಳಲ್ಲಿ ಮೆಥಿಲೀನ್ ಬ್ಲೂ ಒಂದು. ಒಟ್ಟೋ ವಾರ್‌ಬರ್ಗ್ ಒಪ್ಪಲಿಲ್ಲ. ಆಮ್ಲಜನಕವನ್ನ ಕೆಲಸಕ್ಕೆ ಹಚ್ಚೋದೇ ಮುಖ್ಯ, ಅದಕ್ಕೆ ಕಬ್ಬಿಣ ಇರೋ ಕಿಣ್ವ ಬೇಕು ಅಂದ್ರು. ವರ್ಷಗಟ್ಟಲೆ ಜಗಳ ನಡೀತು. ಕೊನೆಗೆ 1925ರಲ್ಲಿ ಡೇವಿಡ್ ಕೈಲಿನ್ ಸೈಟೋಕ್ರೋಮ್‌ಗಳನ್ನ ಗುರುತಿಸಿದ ಮೇಲೆ ಸರಪಳಿಯ ನಡುವಿನ ಕೊಂಡಿ ಸಿಕ್ತು. ಒಬ್ಬರು ಸರಪಳಿಯ ಈ ತುದಿ ಹಿಡಿದಿದ್ರು, ಇನ್ನೊಬ್ಬರು ಆ ತುದಿ. ಇಬ್ಬರೂ ಸರಿ.

ಅದೇ ಕಾಲದಲ್ಲಿ ಸ್ವೀಡನ್ನಿನ ಲುಂಡ್‌ನಲ್ಲಿ ಟಾರ್‌ಸ್ಟೆನ್ ಥುನ್‌ಬರ್ಗ್ ಒಂದು ವಿಶೇಷ ಗಾಜಿನ ಟ್ಯೂಬ್ ಮಾಡಿದ್ರು. ಪ್ರಾಣಿಯ ಅಂಗಾಂಶ ಹಾಕಿ, ಮೆಥಿಲೀನ್ ಬ್ಲೂ ಹಾಕಿ, ಒಳಗಿನ ಗಾಳಿ ಎಳೆದು ತೆಗೆದು, ಒಂದೊಂದೇ ಆಮ್ಲ ಸೇರಿಸಿ ನೋಡೋದು. ನೀಲಿ ಬೇಗ ಹೋದ್ರೆ ಆ ಆಮ್ಲದಿಂದ ಎಲೆಕ್ಟ್ರಾನ್ ಕೀಳೋ ಕಿಣ್ವ ಅಲ್ಲಿದೆ ಅಂತ ಅರ್ಥ. ಹೋಗದೇ ಇದ್ರೆ ಇಲ್ಲ. ಡಿಹೈಡ್ರೋಜಿನೇಸ್ ಅನ್ನೋ ಕಿಣ್ವಗಳ ಇಡೀ ಕುಟುಂಬವನ್ನ ವಿಜ್ಞಾನಿಗಳು ಪತ್ತೆ ಹಚ್ಚಿದ್ದು ಈ ಥರ ಬಣ್ಣ ಹೋಗೋ ಹೊತ್ತು ನೋಡ್ಕೊಂಡು. ನಮ್ಮ ಚಿಕ್ಕಪ್ಪ ಗಡಿಯಾರ ನೋಡ್ತಾ ಕೂತಿದ್ರಲ್ಲಾ, ಅವರ ಹಿಂದೆ ಇಷ್ಟು ದೊಡ್ಡ ವಂಶವೃಕ್ಷ ಇತ್ತು.

ಜೀವ ಉಳಿಸೋ ನೀಲಿ

ಈಗ ಔಷಧಿ ವಿಷಯ. ಈ ಬಣ್ಣ ನಿಜಕ್ಕೂ ಔಷಧಿ ಹೌದು. ವಿಶ್ವ ಆರೋಗ್ಯ ಸಂಸ್ಥೆಯ ಅಗತ್ಯ ಔಷಧಿಗಳ ಪಟ್ಟಿಯಲ್ಲಿದೆ. ಅದನ್ನ ಮುಚ್ಚಿಟ್ಟು ಬರೀ ಹೆದರಿಸಿದ್ರೆ ನಾನೂ ಒಂದು ಜಾಹೀರಾತು ಮಾಡಿದ ಹಾಗೆ.

ರಕ್ತದ ಹಿಮೋಗ್ಲೋಬಿನ್‌ನಲ್ಲಿ ಕಬ್ಬಿಣ ಇದೆ. ಆ ಕಬ್ಬಿಣ ಒಂದು ಎಲೆಕ್ಟ್ರಾನ್ ಕಳ್ಕೊಂಡ್ರೆ ಅದು ಮೆಟ್‌ಹಿಮೋಗ್ಲೋಬಿನ್ ಆಗುತ್ತೆ, ಆಮ್ಲಜನಕ ಹೊರೋ ಶಕ್ತಿ ಹೋಗುತ್ತೆ. ನಮ್ಮೆಲ್ಲರಲ್ಲೂ ಸುಮಾರು 1% ಹೀಗಿರುತ್ತೆ, ದೇಹ ತಾನೇ ರಿಪೇರಿ ಮಾಡ್ಕೊಳ್ಳುತ್ತೆ. ಕೆಲವು ರಾಸಾಯನಿಕಗಳು, ಡ್ಯಾಪ್ಸೋನ್‌ನಂಥ ಕೆಲವು ಮಾತ್ರೆಗಳು ಇದನ್ನ ಏಕ್‌ದಂ ಏರಿಸಿಬಿಡ್ತವೆ. ಆಗ ತುಟಿ, ಉಗುರು ನೀಲಿಗಟ್ಟುತ್ತೆ, ರಕ್ತ ಚಾಕಲೇಟ್ ಬಣ್ಣಕ್ಕೆ ತಿರುಗುತ್ತೆ. ಆಮ್ಲಜನಕದ ಮಾಸ್ಕ್ ಹಾಕಿದ್ರೂ ಬಣ್ಣ ತಿಳಿಯಾಗಲ್ಲ. ಅಂಥವರಿಗೆ ಡಾಕ್ಟರು ದೇಹದ ತೂಕದ ಪ್ರತಿ ಕೆಜಿಗೆ 1ರಿಂದ 2 ಮಿಲಿಗ್ರಾಂ ಲೆಕ್ಕದಲ್ಲಿ ಮೆಥಿಲೀನ್ ಬ್ಲೂವನ್ನ ನಿಧಾನವಾಗಿ ರಕ್ತನಾಳಕ್ಕೆ ಕೊಡ್ತಾರೆ. ದಲ್ಲಾಳಿ ಜೀವಕೋಶದ ಒಳಗಿಂದ ಎಲೆಕ್ಟ್ರಾನ್ ಇಸ್ಕೊಂಡು ಕಬ್ಬಿಣಕ್ಕೆ ವಾಪಸ್ ಕೊಡುತ್ತೆ. ಮೈ ನೀಲಿಗಟ್ಟಿದವರಿಗೆ ನೀಲಿ ಔಷಧಿ ಕೊಟ್ಟು ಕೆಂಪು ಮಾಡೋದು!

ಅಮೆರಿಕದ ಕೆಂಟಕಿಯಲ್ಲಿ ಫ್ಯೂಗೇಟ್ ಅನ್ನೋ ಕುಟುಂಬದಲ್ಲಿ ತಲೆಮಾರುಗಳಿಂದ ಕೆಲವರು ನೀಲಿ ಮೈಬಣ್ಣದಲ್ಲೇ ಹುಟ್ಟುತ್ತಿದ್ರು. ರಿಪೇರಿ ಮಾಡೋ ಕಿಣ್ವ ಅವರಲ್ಲಿ ಕಮ್ಮಿ ಇತ್ತು. 1960ರ ದಶಕದಲ್ಲಿ ಮ್ಯಾಡಿಸನ್ ಕವೈನ್ ಅನ್ನೋ ಡಾಕ್ಟರು ಅವರಿಗೆ ಮೆಥಿಲೀನ್ ಬ್ಲೂ ಚುಚ್ಚಿದಾಗ ನಿಮಿಷಗಳಲ್ಲಿ ಮೈಬಣ್ಣ ಮಾಮೂಲಿಗೆ ಬಂತು.

ಆದ್ರೆ ದಲ್ಲಾಳಿಗೆ ಪಕ್ಷ ಇಲ್ಲ. ಪ್ರಮಾಣ ಹೆಚ್ಚಾಗಿ ಪ್ರತಿ ಕೆಜಿಗೆ 7 ಮಿಲಿಗ್ರಾಂ ದಾಟಿತು ಅಂದ್ರೆ, ಇದೇ ಔಷಧಿ ತಿರುಗಿ ನಿಂತು ಒಳ್ಳೇ ಹಿಮೋಗ್ಲೋಬಿನ್‌ನಿಂದಲೇ ಎಲೆಕ್ಟ್ರಾನ್ ಕಿತ್ಕೊಂಡು, ಯಾವ ಕಾಯಿಲೆಗೆ ಮದ್ದೋ ಅದೇ ಕಾಯಿಲೆ ತರಬಹುದು. ಇನ್ನೊಂದು ವಿಷಯ. ದಲ್ಲಾಳಿಗೆ ಎಲೆಕ್ಟ್ರಾನ್ ಸಪ್ಲೈ ಆಗಬೇಕಾದ್ರೆ ಜಿ6ಪಿಡಿ ಅನ್ನೋ ಕಿಣ್ವ ಕೆಲಸ ಮಾಡ್ತಿರಬೇಕು. ಹುಟ್ಟಿನಿಂದಲೇ ಅದರ ಕೊರತೆ ಇರೋರು ನಮ್ಮ ದೇಶದಲ್ಲೂ ಇದ್ದಾರೆ, ಎಷ್ಟೋ ಜನಕ್ಕೆ ತಮಗಿದೆ ಅಂತಲೇ ಗೊತ್ತಿರಲ್ಲ. ಅವರಲ್ಲಿ ಈ ಔಷಧಿ ಕೆಲಸ ಮಾಡಲ್ಲ, ಬದಲಿಗೆ ಕೆಂಪು ರಕ್ತಕಣಗಳು ಒಡೆಯೋ ಅಪಾಯ ಇದೆ. ಆಸ್ಪತ್ರೆಯಲ್ಲಿ ಇದನ್ನೆಲ್ಲಾ ಕೇಳೋಕೆ ಒಬ್ಬರು ಇರ್ತಾರೆ. ಡ್ರಾಪರ್ ಬಾಟಲಿ ಏನನ್ನೂ ಕೇಳಲ್ಲ.

26 ಜನ

ಹಾಗಾದ್ರೆ 'ಮೆದುಳು ಚುರುಕು' ಅನ್ನೋದು ಪೂರ್ತಿ ಸುಳ್ಳಾ? ಕಂಪನಿಯವರನ್ನೇ ಕೇಳಿದೆ. ಒಂದಿಷ್ಟು ಲಿಂಕ್ ಕಳಿಸಿದ್ರು. ಓದಿದೆ.

ಸುಳ್ಳಿನ ಬುಡದಲ್ಲಿ ಒಂದು ನಿಜ ಇರುತ್ತೆ, ಇಲ್ಲೂ ಇದೆ. ಜೀವಕೋಶದ ಪವರ್ ಹೌಸ್ ಅಂತ ನಾವು ಓದಿರೋ ಮೈಟೋಕಾಂಡ್ರಿಯಾದಲ್ಲಿ ಎಲೆಕ್ಟ್ರಾನ್‌ಗಳು ಮೆಟ್ಟಿಲು ಮೆಟ್ಟಿಲಾಗಿ ಇಳೀತವೆ. ಮಧ್ಯದ ಮೆಟ್ಟಿಲು ಮುರಿದಿದ್ರೆ, ಮೆಥಿಲೀನ್ ಬ್ಲೂ ಮೇಲಿಂದ ಇಸ್ಕೊಂಡು ಮುರಿದ ಕಡೆ ದಾಟಿಸಿ ಕೆಳಗೆ ಕೊಡಬಲ್ಲದು. ಬೈಪಾಸ್ ರಸ್ತೆ ಇದ್ದಂಗೆ. ಲ್ಯಾಬಿನಲ್ಲಿ, ಇಲಿಗಳಲ್ಲಿ ಇದನ್ನ ನೋಡಿದ್ದಾರೆ. ಮನುಷ್ಯರಲ್ಲಿ? 2016ರಲ್ಲಿ ಬಂದ ಒಂದು ಅಧ್ಯಯನದಲ್ಲಿ 26 ಆರೋಗ್ಯವಂತರು ಇದ್ರು. ಕೆಲವರಿಗೆ ಒಂದೇ ಒಂದು ಸಲ ಈ ಔಷಧಿ, ಉಳಿದವರಿಗೆ ಖಾಲಿ ಮಾತ್ರೆ. ಒಂದು ನೆನಪಿನ ಪರೀಕ್ಷೆಯಲ್ಲಿ ಸರಿ ಉತ್ತರ 7% ಜಾಸ್ತಿ ಬಂತು. ಜಾಹೀರಾತಿನಲ್ಲಿ 'ವೈಜ್ಞಾನಿಕವಾಗಿ ಸಾಬೀತು' ಅಂತಿತ್ತಲ್ಲಾ, ಅದರ ಹಿಂದೆ ಇದ್ದಿದ್ದು ಇದು. 26 ಜನ, ಒಂದು ಡೋಸ್. ತಿಂಗಳುಗಟ್ಟಲೆ ದಿನಾ ಕುಡಿದ್ರೆ ಏನಾಗುತ್ತೆ ಅನ್ನೋ ಪ್ರಶ್ನೆಗೆ ಅದರಲ್ಲಿ ಉತ್ತರ ಇಲ್ಲ.

ಅದೇ 2016ರಲ್ಲಿ ಇನ್ನೊಂದು ದೊಡ್ಡ ಪ್ರಯೋಗದ ಫಲಿತಾಂಶವೂ ಬಂತು. ಮರೆವಿನ ಕಾಯಿಲೆ ಅಲ್ಝೈಮರ್ಸ್ ಇರೋರಿಗೆ ಇದರ ಬಣ್ಣವಿಲ್ಲದ ರೂಪದಿಂದ ಮಾಡಿದ ಔಷಧಿ ಕೊಟ್ಟು ನೋಡಿದ್ರು. ಈ ಔಷಧಿ ತಗೊಂಡ್ರೆ ಮೂತ್ರಕ್ಕೆ ಬಣ್ಣ ಬರುತ್ತೆ, ಯಾರಿಗೆ ನಿಜವಾದ ಔಷಧಿ ಸಿಕ್ಕಿದೆ ಅಂತ ಗೊತ್ತಾಗಿಬಿಡುತ್ತೆ. ಅದಕ್ಕೇ ಹೋಲಿಕೆಗೆ ಇಟ್ಟವರಿಗೂ ಬಣ್ಣ ಬರೋ ಅಷ್ಟು ಸಣ್ಣ ಪ್ರಮಾಣ ಕೊಟ್ಟಿದ್ರು. ಮುಖ್ಯ ಹೋಲಿಕೆಯಲ್ಲಿ ಎರಡೂ ಗುಂಪಿನ ನಡುವೆ ವ್ಯತ್ಯಾಸ ಕಾಣಲಿಲ್ಲ. ಈ ಲಿಂಕು ಕಂಪನಿ ಕಳಿಸಿದ ಪಟ್ಟಿಯಲ್ಲಿ ಇರಲಿಲ್ಲ. ನಾನೇ ಹುಡುಕಿದ್ದು.

ನಮ್ಮಲ್ಲೂ 2021ರ ಕೊರೊನಾ ಎರಡನೇ ಅಲೆಯಲ್ಲಿ ಈ ನೀಲಿ ದ್ರವದ ಬಗ್ಗೆ ವಾಟ್ಸ್ಆ್ಯಪ್ ಫಾರ್ವರ್ಡ್‌ಗಳು ಓಡಾಡಿದ್ವು. ಹೆದರಿಕೆ ಇದ್ದಾಗ ಬಣ್ಣ ಇರೋ ಔಷಧಿ ಮೇಲೆ ನಂಬಿಕೆ ಬೇಗ ಬರುತ್ತೆ ಅನ್ಸುತ್ತೆ.

ಚಿಕ್ಕಪ್ಪನ ಫೋನು

ಇಷ್ಟು ಓದಿದ್ರೂ ನಾನು ಇಲ್ಲ ಅಂತ ಮೇಲ್ ಬರೆದಿರಲಿಲ್ಲ. ನಿಜ ಹೇಳ್ತೀನಿ. 'ಡಾಕ್ಟರ್ ಸಲಹೆ ಪಡೆಯಿರಿ' ಅಂತ ಕೊನೆಗೊಂದು ಸಾಲು ಸೇರಿಸಿ ಓದಿಬಿಟ್ರೆ ಆಯ್ತು, ಜವಾಬ್ದಾರಿ ಮುಗೀತು ಅಂತ ನನ್ನೊಳಗಿನ ಅಕೌಂಟೆಂಟ್ ವಾದ ಮಾಡ್ತಾನೇ ಇದ್ದ.

ಆ ವಾರ ಹಬ್ಬ ಇತ್ತು. ರೂಮ್‌ಮೇಟ್ ಊರಿಗೆ ಹೋಗಿದ್ದ. ಹಬ್ಬದ ದಿನ ಚಿಕ್ಕಪ್ಪ ಫೋನ್ ಮಾಡಿದ್ರು, ಈಗ ರಿಟೈರ್ ಆಗಿದ್ದಾರೆ. ಮಾತಿನ ಮಧ್ಯೆ ಈ ವಿಷಯ ಹೇಳಿದೆ. ಆ ಕಡೆ ಸ್ವಲ್ಪ ಹೊತ್ತು ಮಾತೇ ಇಲ್ಲ.

"ಅದನ್ನ ಕುಡೀತಾರೇನೋ?" ಅಂದ್ರು.

"ಹೂಂ ಚಿಕ್ಕಪ್ಪ, ಈಗ ಟ್ರೆಂಡು."

"ಲೋ, ನಾವು ಆ ದ್ರಾವಣಾನ ಬಾಯಲ್ಲಿ ಪಿಪೆಟ್ ಎಳೆಯೋಕೂ ಹೆದರ್ತಿದ್ವಿ ಕಣೋ. ಬಾಟಲಿ ಮೇಲೆ ಯಾವ ಗ್ರೇಡ್ ಅಂತ ಬರೆದವ್ರೆ ನೋಡು."

ನೋಡಿದೆ. '99% ಶುದ್ಧ' ಅಂತಿತ್ತು. "ಉಳಿದ 1% ಏನು ಅಂತ ಬರೆದವ್ರಾ?" ಅಂದ್ರು. ಬರೆದಿರಲಿಲ್ಲ. ಲ್ಯಾಬಿಗೆ ಬೇಕಾದ ಶುದ್ಧತೆ ಬೇರೆ, ಅಕ್ವೇರಿಯಂ ಅಂಗಡಿಯಲ್ಲಿ ಮೀನಿನ ಫಂಗಸ್‌ಗೆ ಮಾರೋದು ಬೇರೆ, ರಕ್ತನಾಳಕ್ಕೆ ಕೊಡೋ ಔಷಧಿ ಬೇರೆ. ಔಷಧಿ ಗ್ರೇಡ್‌ನಲ್ಲಿ ಆರ್ಸೆನಿಕ್, ಸೀಸದಂಥ ಲೋಹಗಳು ಎಷ್ಟಿರಬಹುದು ಅನ್ನೋದಕ್ಕೆ ಬಿಗಿ ಮಿತಿ ಇದೆ. ಬೇರೆ ಗ್ರೇಡ್‌ಗಳನ್ನ ಬಾಯಿಗೆ ಹಾಕ್ಕೊಳ್ಳೋಕೆ ಅಂತ ಮಾಡಿರಲ್ಲ.

ಆಮೇಲೆ ಅವರೊಂದು ಮಾತು ಹೇಳಿದ್ರು. "ನಾವು ಅದನ್ನ ಹಾಲಿಗೆ ಹಾಕ್ತಿದ್ದಿದ್ದು ಹಾಲು ಚೆಂದ ಆಗ್ಲಿ ಅಂತ ಅಲ್ಲ ಕಣೋ. ಒಳಗೇನು ನಡೀತದೆ ಅಂತ ಕೇಳೋಕೆ. ಕೇಳಿದ್ಮೇಲೆ ಆ ಹಾಲನ್ನ ಚೆಲ್ತಿದ್ವಿ."

ಫೋನ್ ಇಟ್ಟ ಮೇಲೆ ನಾನು ಅಡ್ಡಪರಿಣಾಮಗಳ ಪುಟ ತೆಗೆದೆ. ಅದನ್ನ ಮೊದಲೇ ತೆಗೀಬೇಕಿತ್ತು. ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್.ಡಿ.ಎ. 2011ರಲ್ಲೇ ಒಂದು ಎಚ್ಚರಿಕೆ ಕೊಟ್ಟಿತ್ತು. ಮೆದುಳಿನಲ್ಲಿ ಸೆರಟೋನಿನ್ ಅನ್ನೋ ರಾಸಾಯನಿಕ ಇದೆ. ಅದರ ಕೆಲಸ ಮುಗಿದ ಮೇಲೆ ಒಡೆದು ಹಾಕೋಕೆ ಎಂ.ಎ.ಓ.-ಎ ಅನ್ನೋ ಕಿಣ್ವ ಇದೆ. ಮೆಥಿಲೀನ್ ಬ್ಲೂ ಆ ಕಿಣ್ವವನ್ನ ಬಲವಾಗಿ ತಡೆಯುತ್ತೆ. ಖಿನ್ನತೆಗೆ, ಆತಂಕಕ್ಕೆ ಕೊಡೋ ಎಷ್ಟೋ ಮಾತ್ರೆಗಳು, ಎಸಿಟಾಲೋಪ್ರಾಮ್, ಸೆರ್ಟ್ರಲಿನ್, ಫ್ಲುಯಾಕ್ಸೆಟಿನ್ ಥರದವು, ಸೆರಟೋನಿನ್ ಹೆಚ್ಚು ಹೊತ್ತು ಉಳಿಯೋ ಹಾಗೆ ಮಾಡ್ತವೆ. ಎರಡೂ ಸೇರಿದ್ರೆ? ನಲ್ಲಿ ತೆರೆದಿಟ್ಟು ಚರಂಡಿಯನ್ನೂ ಮುಚ್ಚಿದ ಹಾಗೆ. ಸೆರಟೋನಿನ್ ತುಂಬಿ ಹರಿಯುತ್ತೆ. ಗಾಬರಿ, ಗೊಂದಲ, ವಿಪರೀತ ಬೆವರು, ಜ್ವರ, ನಡುಕ, ಸ್ನಾಯು ಬಿಗಿತ, ಎದೆಬಡಿತ ಜೋರು. ಇದಕ್ಕೆ ಸೆರಟೋನಿನ್ ಸಿಂಡ್ರೋಮ್ ಅಂತಾರೆ. ಪ್ರಾಣ ಹೋಗಬಹುದು.

ಕೈ ತಣ್ಣಗಾಯ್ತು. ನನ್ನ ರೂಮ್‌ಮೇಟ್ ಎರಡು ವರ್ಷದಿಂದ ಎಸಿಟಾಲೋಪ್ರಾಮ್ ತಗೋತಿದ್ದಾನೆ. ಅದು ನನಗೆ ಗೊತ್ತಿತ್ತು. ದಿನಾ ರಾತ್ರಿ ಅವನು ಮಾತ್ರೆ ತಗೊಳ್ಳೋದನ್ನ ನೋಡ್ತೀನಿ. ಆದ್ರೂ "ಮಾಡು, ಫ್ರೀ ಬಂದಿದೆಯಲ್ಲಾ" ಅಂದಿದ್ದೆ.

ತಕ್ಷಣ ಫೋನ್ ಮಾಡಿದೆ. "ಆ ನೀಲಿ ಬಾಟಲಿ ತಗೊಂಡು ಹೋದ್ಯಾ?" ಅಂದೆ. "ಇಲ್ಲ ಮಗಾ, ಮರ್ತೋಯ್ತು. ಬಂದ್ಮೇಲೆ ಶುರು ಮಾಡ್ತೀನಿ" ಅಂದ. ನಾನು ಅಲ್ಲೇ ನೆಲದ ಮೇಲೆ ಕೂತೆ. ಅವನನ್ನ ಉಳಿಸಿದ್ದು ನನ್ನ ಜ್ಞಾನ ಅಲ್ಲ, ಅವನ ಮರೆವು ಮತ್ತು ಹಬ್ಬದ ರಜೆ.

ಅವನು ವಾಪಸ್ ಬಂದ ಮೇಲೆ ಅವನ ಡಾಕ್ಟರನ್ನ ಕೇಳಿದ. ಅವರು ಖಡಾಖಂಡಿತವಾಗಿ ಬೇಡ ಅಂದ್ರು. ತಲೆ ಮಂಜಾಗೋ ವಿಷಯ ಅಲ್ಲಿವರೆಗೆ ಅವನು ಡಾಕ್ಟರಿಗೆ ಹೇಳೇ ಇರಲಿಲ್ಲವಂತೆ. ಹೇಳಿದ ಮೇಲೆ ಮಾತ್ರೆ ತಗೊಳ್ಳೋ ಹೊತ್ತು ಬದಲಾಯಿಸಿದ್ರು, ಒಂದು ರಕ್ತಪರೀಕ್ಷೆ ಬರೆದುಕೊಟ್ರು. ಇದನ್ನೆಲ್ಲಾ ಇಲ್ಲಿ ಹೇಳೋಕೆ ಅವನೇ ಒಪ್ಪಿಗೆ ಕೊಟ್ಟಿದ್ದಾನೆ. "ನನ್ನ ಹೆಸರು ಬೇಡ, ಕಥೆ ಹೇಳು. ಮಾತ್ರೆ ತಗೊಳ್ಳೋದನ್ನ ಮುಚ್ಚಿಡೋರು ನನ್ನ ಥರ ತುಂಬಾ ಜನ ಇರ್ತಾರೆ" ಅಂದ.

ಲೆಕ್ಕ ಮುಗಿಸೋಣ

ಅವನು ಹೇಳಿದ್ದು ಸರಿ. ಈ ಪಾಡ್‌ಕಾಸ್ಟ್ ಕೇಳೋ ನಿಮ್ಮಲ್ಲಿ ಯಾರು ಯಾವ ಮಾತ್ರೆ ತಗೋತಿದ್ದೀರಿ ಅಂತ ನನಗೆ ಗೊತ್ತಿಲ್ಲ. ಒಂದು ನಿಮಿಷದ ಜಾಹೀರಾತು ಓದಿ, ಕೊನೆಗೆ 'ಡಾಕ್ಟರ್ ಸಲಹೆ ಪಡೆಯಿರಿ' ಅಂದ್ರೆ, ಆ ಸಾಲು ಬರೋ ಹೊತ್ತಿಗೆ ನೀವು ಸ್ಕಿಪ್ ಮಾಡಿರ್ತೀರಿ. ನಾನೂ ಹಾಗೇ ಮಾಡ್ತೀನಿ.

ಅದಕ್ಕೆ ಕಂಪನಿಗೆ ಇಲ್ಲ ಅಂತ ಬರೆದೆ. "ಎಲ್ಲರೂ ಮಾಡ್ತಿದ್ದಾರೆ, ನೀವೊಬ್ರೇ ಯಾಕೆ ಹಿಂಗೆ?" ಅಂತ ಉತ್ತರ ಬಂತು. ಅದಕ್ಕೆ ನಾನು ಮತ್ತೆ ಬರೀಲಿಲ್ಲ. 40,000 ಬರಲಿಲ್ಲ. ಮೈಕು ಹಳೇದೇ, ಹಿಂದೆ ಫ್ಯಾನ್ ಸದ್ದು ಕೇಳಿದ್ರೆ ಹೊಟ್ಟೆಗೆ ಹಾಕ್ಕೊಳ್ಳಿ. ಎಡಿಟ್ ಮಾಡೋ ಹುಡುಗನಿಗೆ ಬಾಕಿಯನ್ನ ಎರಡು ಕಂತಲ್ಲಿ ಕೊಡ್ತೀನಿ ಅಂದಿದ್ದೀನಿ, ಒಪ್ಪಿದ್ದಾನೆ.

ನಿಮಗೆ ಮೂರು ಮಾತು. ಒಂದು, ನೀವು ಖಿನ್ನತೆಗೋ ಆತಂಕಕ್ಕೋ ಮಾತ್ರೆ ತಗೋತಿದ್ರೆ, ಯಾವುದೇ ಹೊಸ ಸಪ್ಲಿಮೆಂಟ್ ಶುರು ಮಾಡೋ ಮೊದಲು ನಿಮ್ಮ ಡಾಕ್ಟರಿಗೋ ಔಷಧಿ ಅಂಗಡಿಯ ಫಾರ್ಮಸಿಸ್ಟಿಗೋ ಎರಡರ ಹೆಸರೂ ಹೇಳಿ ಕೇಳಿ. ಹಾಗಂತ ಇದನ್ನ ಕೇಳಿ ಹೆದರಿ ಮಾತ್ರೆ ನಿಲ್ಲಿಸಬೇಡಿ. ನಿಮ್ಮ ಮಾತ್ರೆಯ ತಪ್ಪೇನೂ ಇಲ್ಲ. ಎರಡು, ಗರ್ಭಿಣಿಯರಿಗೆ ಮತ್ತು ಜಿ6ಪಿಡಿ ಕೊರತೆ ಇರೋರಿಗೆ ಈ ನೀಲಿ ಹನಿ ಬೇರೆ ಬೇರೆ ಕಾರಣಕ್ಕೆ ಅಪಾಯ. ಮೂರು, ಯಾರಾದ್ರೂ ಈಗಾಗ್ಲೇ ಕುಡಿದು ನಡುಕ, ಜ್ವರ, ಗೊಂದಲ, ಉಸಿರಾಟದ ತೊಂದರೆ ಕಾಣಿಸಿಕೊಂಡ್ರೆ ರೀಲ್ಸ್ ಕಾಮೆಂಟಲ್ಲಿ ಕೇಳ್ತಾ ಕೂರಬೇಡಿ. 108ಕ್ಕೆ ಫೋನ್ ಮಾಡಿ, ಬಾಟಲಿ ಜೊತೆಗೇ ಆಸ್ಪತ್ರೆಗೆ ಹೋಗಿ, ಯಾವ ಯಾವ ಮಾತ್ರೆ ನಡೀತಿದೆ ಅಂತ ಹೇಳಿ. ಇನ್ನು ಮನಸ್ಸಿನ ಭಾರ ಯಾರ ಹತ್ರ ಹೇಳ್ಕೊಳ್ಳೋದು ಗೊತ್ತಾಗದಿದ್ರೆ, ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ ಇದೆ, ನಂಬರ್ 14416. ಕನ್ನಡದಲ್ಲೇ ಮಾತಾಡಬಹುದು.

ಆ ಬಾಟಲಿ ಈಗ ನನ್ನ ಟೇಬಲ್ ಡ್ರಾಯರ್‌ನಲ್ಲಿದೆ, ಮುಚ್ಚಳಕ್ಕೆ ಟೇಪ್ ಸುತ್ತಿದ್ದೀನಿ. ಮುಂದಿನ ಸಲ ಊರಿಗೆ ಹೋದಾಗ ಚಿಕ್ಕಪ್ಪನ ಕೈಗೆ ಕೊಡ್ತೀನಿ. ಅವರು ಅದನ್ನ ಏನು ಮಾಡಬೇಕು ಅಂತ ನನಗಿಂತ ಚೆನ್ನಾಗಿ ಬಲ್ಲರು.

ಮುಂದಿನ ಶುಕ್ರವಾರ ಸಿಗೋಣ. ಅಲ್ಲಿವರೆಗೂ ಹುಷಾರು. ನಮಸ್ಕಾರ.